ರೀಸೆಟ್ ಲೈನು ಯಾರ ಜವಾಬ್ದಾರಿ?

ನಮ್ಮ ಲ್ಯಾಬಲ್ಲಿ ಒಂದು ಲಿನಕ್ಸ್ ಬೋರ್ಡು, ಹಳೇ ಬೂಟ್‌ಲೋಡರ್ (ಕರ್ನಲ್‌ಗೂ ಮುಂಚೆ ಓಡೋ ಪ್ರೋಗ್ರಾಮು) ಹಾಕಿದ್ರೆ ಟಚ್ ಚಿಪ್ ಚೆನ್ನಾಗಿ ಓಡತ್ತೆ, ಹೊಸದು ಹಾಕಿದ್ರೆ ಪ್ರೋಬಲ್ಲೇ, ಅಂದ್ರೆ ಡ್ರೈವರ್ ಚಿಪ್ಪನ್ನ ಮೊದಲು ಮಾತಾಡಿಸೋವಾಗ್ಲೇ, ಐಟೂಸಿ (ಚಿಪ್ ಜತೆ ಮಾತಾಡೋ ಎರಡು ವೈರಿನ ಬಸ್) ರೀಡ್ ಫೇಲು. ಎಲ್ರೂ ಬೂಟ್‌ಲೋಡರ್‌ಗೇ ಬೈತಿದ್ರು, ಪಾಪ.

ಡೀಬಗ್‌ಎಫ್‌ಎಸ್‌ನ (ಕರ್ನಲ್ ಒಳಗಿನ ಸ್ಥಿತಿ ತೋರಿಸೋ ಫೈಲ್‌ಸಿಸ್ಟಮ್) ಜಿಪಿಐಒ ಫೈಲ್, ಅಂದ್ರೆ ಸಾಫ್ಟ್‌ವೇರ್ ಆಡಿಸೋ ಪಿನ್‌ಗಳ ಪಟ್ಟಿ, ತೆಗ್ದು ನೋಡಿದ್ರೆ ಚಿಪ್ಪಿನ ರೀಸೆಟ್ ಲೈನ್ ಮುಂದೆ 'ಇನ್ ಲೋ' (ಇನ್‌ಪುಟ್, ಲೆವೆಲ್ 0) ಅಂತಿದೆ! ಔಟ್‌ಪುಟ್ಟೇ ಆಗಿಲ್ಲ. ಡ್ರೈವರ್ ಆ ಪಿನ್ನನ್ನ ಜಿಪಿಐಒಡಿ_ಆಸ್‌ಈಸ್ ಅಂತ ತಗೊಂಡಿದೆ, ಅಂದ್ರೆ ಇದ್ದಂಗೇ ಬಿಡು ಅಂತ, ಕರ್ನಲ್ ಡೈರೆಕ್ಷನ್ ಮುಟ್ಟೋದೇ ಇಲ್ಲ, ಹಳೇ ಬೂಟ್‌ಲೋಡರ್ ತಾನೇ ಔಟ್‌ಪುಟ್ ಮಾಡಿಟ್ಟಿರ್ತಿತ್ತು ಅದಕ್ಕೇ ಇಷ್ಟು ದಿನ ಬಂಡಿ ಓಡ್ತು, ಹೊಸದು ಆ ಉಸಾಬರಿಗೇ ಹೋಗಲ್ಲ, ಬೋರ್ಡಿನ ಪುಲ್‌ಡೌನ್ (ಲೈನನ್ನ 0ಗೆ ಎಳೆಯೋ ರೆಸಿಸ್ಟರ್) ಚಿಪ್ಪನ್ನ ರೀಸೆಟ್ಟಲ್ಲೇ ಹಿಡ್ಕೊಂಡಿರತ್ತೆ.

ಫಿಕ್ಸ್‌ನ ಮುಖ್ಯ ಲೈನು ಒಂದೇ, ಆಸ್‌ಈಸ್ ಬದ್ಲು ಜಿಪಿಐಒಡಿ_ಔಟ್_ಹೈ. ಇಲ್ಲೇ ರಿವ್ಯೂನಲ್ಲಿ ಜಗಳ ಆಗೋದು, "ರೀಸೆಟ್ ಆಕ್ಟಿವ್ ಲೋ ಅಲ್ವಾ, ಹೈ ಯಾಕೆ?" ಅಂತ. (ಆಕ್ಟಿವ್ ಲೋ ಅಂದ್ರೆ ವೈರಲ್ಲಿ 0 ಇದ್ದಾಗ ರೀಸೆಟ್.) ಈ ಹೈ ವೋಲ್ಟೇಜ್ ಅಲ್ಲ ಮಾರಾಯ್ರೆ, ಲಾಜಿಕಲ್ 1, ಡಿವೈಸ್ ಟ್ರೀಲಿ (ಬೋರ್ಡಲ್ಲಿ ಏನೇನಿದೆ ಅಂತ ಕರ್ನಲ್‌ಗೆ ಹೇಳೋ ವಿವರ) ಆಕ್ಟಿವ್ ಲೋ ಅಂತ ಬರ್ದಿದ್ರೆ ವೈರಲ್ಲಿ 0 ಬರತ್ತೆ, ಚಿಪ್ ರೀಸೆಟ್ಟಿಗೆ ಹೋಗತ್ತೆ. ಡೇಟಾಶೀಟ್ ಹೇಳಿದಷ್ಟು ಹೊತ್ತು ಹಿಡ್ದು ಆಮೇಲೆ ಲಾಜಿಕಲ್ 0 ಬರೀರಿ, ಚಿಪ್ ಎದ್ದೇಳೋವರ್ಗೂ ಕಾದು ಐಟೂಸಿ ಶುರು ಮಾಡಿ. ಪಿನ್ ಎಕ್ಸ್‌ಪ್ಯಾಂಡರ್ (ಐಟೂಸಿ ಥರದ ಬಸ್ ಮೇಲೆ ಹೆಚ್ಚುವರಿ ಪಿನ್ ಕೊಡೋ ಚಿಪ್) ಮೇಲಿದ್ರೆ ಹೆಸರಲ್ಲಿ ಕ್ಯಾನ್‌ಸ್ಲೀಪ್ ಇರೋ, ಅಂದ್ರೆ ಕಾಯ್ತಾ ನಿಲ್ಲಬಲ್ಲ, ಫಂಕ್ಷನ್ನೇ ಬೇಕು.

ಒಂದು ತಲೆನೋವು ಉಳಿಯತ್ತೆ, ಡಿವೈಸ್ ಟ್ರೀಲಿ ಆಕ್ಟಿವ್ ಹೈ ಅಂತ ತಪ್ಪಾಗಿ ಬರ್ದಿರೋ ಹಳೇ ಬೋರ್ಡುಗಳು ಫೀಲ್ಡಲ್ಲಿದ್ರೆ ಈ ಪ್ಯಾಚ್‌ನಿಂದ ಅವು ಉಲ್ಟಾ ಹೊಡೀತಾವೆ, ಮರ್ಜ್ ಮಾಡೋ ಮುಂಚೆ ಎಲ್ಲಾ ಡಿಟಿಎಸ್ (ಡಿವೈಸ್ ಟ್ರೀ ಸೋರ್ಸ್) ಫೈಲಲ್ಲೂ ಆ ಫ್ಲ್ಯಾಗ್ ಗ್ರೆಪ್ ಮಾಡಿ ಹುಡುಕ್ಕೊಳ್ಳಿ.