ದನದ ಸೂಜಿ ನಾಯಿಗೆ ಚುಚ್ಚಬೇಡಿ

ಮುಳಬಾಗಿಲು ಕಡೆ ಟೊಮೇಟೊ ತೋಟದಲ್ಲಿ ನಾಯಿ ಕೆಮ್ಮಿದರೂ, ಸೊರಗಿದರೂ, ಉಣ್ಣೆ ಹತ್ತಿದರೂ ಮದ್ದು ಒಂದೇ: ಹಸುವಿಗೆ ತಂದಿಟ್ಟ ಐವರ್‌ಮೆಕ್ಟಿನ್, ಹುಳ-ಉಣ್ಣೆ ಸಾಯಿಸೋ ಔಷಧಿ. “ಒಂಚೂರು ಚುಚ್ಚಕ್ಕ, ಏನಾಗಲ್ಲ” ಅಂತ ಪಕ್ಕದ ತೋಟದ ಹುಡುಗ ನನಗೂ ಹೇಳಿದ್ದ. ಆ ಒಂಚೂರಿನ ಲೆಕ್ಕ ಕೇಳಿ. ಹಸುವಿನ ಔಷಧಿಯ ಒಂದು ಎಂಎಲ್‌ನಲ್ಲಿ 10 ಮಿಲಿಗ್ರಾಂ ಇರುತ್ತೆ. ಹಾರ್ಟ್‌ವರ್ಮ್, ಅಂದರೆ ಹೃದಯದ ಹುಳು, ಬಾರದಿರಲು ನಾಯಿಗೆ ತಿಂಗಳಿಗೆ ಬೇಕಾದ್ದು ಕೆಜಿ ತೂಕಕ್ಕೆ 6 ಮೈಕ್ರೋಗ್ರಾಂ (ಸಾವಿರ ಮೈಕ್ರೋಗ್ರಾಂ ಸೇರಿದರೆ ಒಂದು ಮಿಲಿಗ್ರಾಂ). ನಮ್ಮ ಕರಿಯ 20 ಕೆಜಿ. ಅವನ ಪಾಲು 0.012 ಎಂಎಲ್. ಅದಕ್ಕಿಂತ ಹೆಚ್ಚು ಸಿರಿಂಜಿನ ಮೂತಿಯಲ್ಲೇ ಉಳಿದುಬಿಡುತ್ತೆ!

ಕರಿಯ ಕೆಮ್ಮೋಕೆ ಶುರು ಮಾಡಿದಾಗ ಪಶು ಆಸ್ಪತ್ರೆಗೆ ಕರ್ಕೊಂಡು ಹೋದೆ. ಮುಂಗಾಲಿನಿಂದ ರಕ್ತ ತೆಗೆದು, ಒಂದು ಹನಿ ಗಾಜಿನ ಮೇಲೆ ಹಾಕಿ, ಡಾಕ್ಟ್ರು ಸೂಕ್ಷ್ಮದರ್ಶಕದಲ್ಲಿ ನನಗೂ ತೋರಿಸಿದರು. ಕೂದಲಿಗಿಂತ ಸಣ್ಣ ಮರಿಹುಳು, ರಕ್ತಕಣಗಳನ್ನು ಅತ್ತಿತ್ತ ತಳ್ಳಿಕೊಂಡು ಹೊರಳಾಡ್ತಿತ್ತು. ನನ್ನೆದೆ ಧಸಕ್ಕೆಂದಿತು. “ಹೆದರ್ಬೇಡಿಮ್ಮಾ, ಎಲ್ಲಾ ಹುಳಾನೂ ಹೃದಯದ್ದಲ್ಲ” ಅಂದರು. ನಮ್ಮ ದಕ್ಷಿಣದಲ್ಲಿ ಹೆಚ್ಚು ಸಿಗೋದು ಅದರ ದಾಯಾದಿ, ಚರ್ಮದಡಿ ಇರುವ ಡೈರೋಫೈಲೇರಿಯಾ ರೆಪೆನ್ಸ್. ಹೃದಯದ ಹುಳು, ಡೈರೋಫೈಲೇರಿಯಾ ಇಮ್ಮಿಟಿಸ್, ಈಶಾನ್ಯ ರಾಜ್ಯಗಳ ಕಡೆ ಜಾಸ್ತಿ. ಹೃದಯದ ಹುಳದ ಅಂಶ ರಕ್ತದಲ್ಲಿದೆಯಾ ಅಂತ ನೋಡೋ ಆಂಟಿಜೆನ್ ಟೆಸ್ಟ್‌ನಲ್ಲಿ ಕರಿಯನದು ನೆಗೆಟಿವ್ ಬಂತು. ಆ ಟೆಸ್ಟ್ ಹಿಡಿಯೋದು ಬೆಳೆದ ಹೆಣ್ಣುಹುಳುವನ್ನು ಮಾತ್ರ. ಸೊಳ್ಳೆ ಕಚ್ಚಿ ಆರು ತಿಂಗಳಾದರೂ ಆಗಿರಬೇಕು.

ಹೌದು, ಎರಡೂ ಸೊಳ್ಳೆಯಿಂದಲೇ ಬರೋದು. ನಾಯಿ ನಾಯಿಯನ್ನು ನೆಕ್ಕಿದರೆ ಬರಲ್ಲ. ಹೃದಯದ್ದಾದರೆ 25–30 ಸೆಂಟಿಮೀಟರ್ ಬೆಳೆದು, ಶ್ವಾಸಕೋಶದ ರಕ್ತನಾಳಗಳಲ್ಲಿ 5–7 ವರ್ಷ ಬೇರೂರುತ್ತೆ. ಕೊಲ್ಲೋಕೆ ಮೆಲಾರ್ಸೊಮಿನ್ ಇಂಜೆಕ್ಷನ್ ಇದೆ. ಆದರೆ ಸತ್ತ ಹುಳದ ತುಣುಕು ನಾಳಕ್ಕೆ ಅಡ್ಡ ಕೂರಬಹುದು ಅಂತ ನಾಯಿಯನ್ನು ತಿಂಗಳುಗಟ್ಟಲೆ ಓಡಲು ಬಿಡದೆ ಕಟ್ಟಿಹಾಕಬೇಕು. ತೋಟದ ನಾಯಿಗೆ ಅದೊಂದು ಜೈಲು.

ರಕ್ತದಲ್ಲಿ ಮರಿಹುಳು ತುಂಬಿರೋ ನಾಯಿಗೆ ದನದ ಡೋಸ್ ಬಿದ್ದರೆ ಅವೆಲ್ಲ ಒಟ್ಟಿಗೆ ಸತ್ತು ನಾಯಿ ಶಾಕ್‌ಗೆ ಹೋಗಬಹುದು. ಅದಕ್ಕೇ ಮೊದಲು ರಕ್ತಪರೀಕ್ಷೆ. ಕರಿಯನಿಗೆ ಡಾಕ್ಟ್ರು ಎದುರಿಗೇ ಕೂರಿಸಿಕೊಂಡು ಔಷಧಿ ಕೊಟ್ಟರು. ಈಗ ಪ್ರತಿ ತಿಂಗಳು ಒಂದನೇ ತಾರೀಕು ಮುದ್ದೆಯೊಳಗೆ ನಾಯಿಯದ್ದೇ ಮಾತ್ರೆ. ಅದು ಸಾಯಿಸೋದು ಹಿಂದಿನ ತಿಂಗಳು ಒಳಹೊಕ್ಕ ಮರಿಗಳನ್ನು, ಹಾಗಾಗಿ ಚಳಿಗಾಲ ಅಂತ ಬಿಡೋ ಹಾಗಿಲ್ಲ.

ಸೊಳ್ಳೆ ಮರಿ ತಿನ್ನಲಿ ಅಂತ ಕೃಷಿ ಹೊಂಡಕ್ಕೆ ಗಪ್ಪಿ ಮೀನು ಬಿಟ್ಟಿದ್ದೀವಿ, ಹಸುವಿನ ತೊಟ್ಟಿ ವಾರಕ್ಕೊಮ್ಮೆ ಉಜ್ಜಿ ಒಣಗಿಸ್ತೀವಿ. ಮಳೆನೀರು ನಿಲ್ಲೋ ಹಳೇ ಡ್ರಮ್ಮುಗಳನ್ನು ಬೋರಲು ಹಾಕಿ ಅಂದರೆ ಕೂಲಿಯವರು “ಅಮ್ಮಾವ್ರಿಗೆ ನಾಯಿ ಚಿಂತೆ” ಅಂತ ನಗ್ತಾರೆ. ನಗಲಿ, ಅದೇ ಸೊಳ್ಳೆ ಅವರನ್ನೂ ಕಚ್ಚುತ್ತೆ.