ಕಣಕಾಲು ಮುರಿದರೆ ಆಪರೇಷನ್‌ಗೆ ಹತ್ತು ದಿನ ಕಾಯಿಸುವುದೇಕೆ?

ಸ್ಕೂಟರ್ ಜಾರಿಯೋ, ಬಚ್ಚಲಲ್ಲಿ ಕಾಲು ತಿರುಚಿಯೋ ಆಸ್ಪತ್ರೆಗೆ ಬಂದಿರುತ್ತಾರೆ. ಎಕ್ಸ್‌ರೇಯಲ್ಲಿ ಕಣಕಾಲಿನ ಒಳಗಂಟು, ಹೊರಗಂಟು ಎರಡೂ ಮುರಿದಿದೆ. ಆಪರೇಷನ್ ಬೇಕೇ ಬೇಕು, ಆದರೆ ಬಾವು ಇಳಿದ ಮೇಲೆ ಅನ್ನುತ್ತಾರೆ ಡಾಕ್ಟರು. ಮನೆಯವರಿಗೆ ಸಿಟ್ಟು ಬರುವುದು ಇಲ್ಲೇ. ಕೆಲವರು ಈ ನಡುವೆ ನಾಟಿ ಕಟ್ಟು ಹಾಕಿಸಲು ಹೊರಟುಬಿಡುತ್ತಾರೆ.

ತಡಮಾಡುವುದು ಚರ್ಮದ ಸಲುವಾಗಿ. ಕಣಕಾಲಿನ ಸುತ್ತ ಮಾಂಸಖಂಡವೇ ಇಲ್ಲ, ತೆಳು ಚರ್ಮ ಸರಿಸಿದರೆ ಎಲುಬು. ಬಿಗಿದು ಹೊಳೆಯುವ ಚರ್ಮವನ್ನು ಕೊಯ್ದರೆ ಹೊಲಿಗೆಯ ಅಂಚುಗಳು ಕೂಡುವುದಿಲ್ಲ. ಗಾಯ ಬಾಯಿ ಬಿಟ್ಟು ಕೆಳಗಿನ ಪ್ಲೇಟ್ ಕಾಣುತ್ತದೆ, ಕೀವು ತುಂಬುತ್ತದೆ. ಆದ್ದರಿಂದ ಬಿದ್ದ ಆರೆಂಟು ಗಂಟೆಯೊಳಗೆ, ಬಾವು ಏರುವ ಮೊದಲೇ ಮಾಡಬೇಕು, ಇಲ್ಲವೇ ಚರ್ಮದಲ್ಲಿ ಸಣ್ಣ ಸುಕ್ಕು ಮರಳುವವರೆಗೆ, ಸಾಮಾನ್ಯವಾಗಿ 7ರಿಂದ 14 ದಿನ, ಕಾಯಬೇಕು. ಬೊಬ್ಬೆ ಎದ್ದಿದ್ದರೆ ಅದರ ಮೇಲೆ ಬ್ಲೇಡ್ ಹಾಯಿಸಬಾರದು. ನೀರು ತುಂಬಿದ ಬೊಬ್ಬೆಗಿಂತ ರಕ್ತ ತುಂಬಿದ್ದು ಹೆಚ್ಚು ಆಳದ್ದು, ವಾಸಿಯಾಗಲು ಇನ್ನಷ್ಟು ದಿನ ಬೇಕು.

ಕಾಯದೆ ತಕ್ಷಣ ಮಾಡಬೇಕಾದವೂ ಇವೆ. ಕೀಲು ಜಾರಿ ಪಾದ ಸೊಟ್ಟಗಾಗಿದ್ದರೆ ಕ್ಯಾಶುವಾಲ್ಟಿಯಲ್ಲೇ ನೋವಿಗೆ ಮದ್ದು ಕೊಟ್ಟು ಎಳೆದು ಕೂರಿಸಿ ಸ್ಲ್ಯಾಬ್ (ಒಂದು ಬದಿಯ ಪ್ಲಾಸ್ಟರ್ ಪಟ್ಟಿ) ಹಾಕಬೇಕು. ಬಿಟ್ಟರೆ ಒಳಗಡೆಯ ಚರ್ಮ ಎಲುಬಿನ ಒತ್ತಡಕ್ಕೆ ಸತ್ತು ಕಪ್ಪಾಗುತ್ತದೆ. ಸ್ಲ್ಯಾಬ್‌ನಲ್ಲಿ ಕೀಲು ನಿಲ್ಲದಿದ್ದರೆ ಹೊರಗಿನಿಂದ ಪಿನ್ ಮತ್ತು ರಾಡ್‌ಗಳ ಫಿಕ್ಸೇಟರ್. ಎಲುಬು ಹೊರಬಂದಿದ್ದರೆ ಆ್ಯಂಟಿಬಯೋಟಿಕ್, ಟಿಟಿ, ಬೇಗನೆ ಗಾಯ ತೊಳೆಯುವುದು.

ಕಾಯುವ ದಿನಗಳಲ್ಲಿ ಮನೆಯಲ್ಲಿ ಆಗಬೇಕಾದ್ದು: ಪಾದ ಎದೆಗಿಂತ ಎತ್ತರದಲ್ಲಿರಬೇಕು. ಕುರ್ಚಿಯಲ್ಲಿ ಕೂತು ಸ್ಟೂಲ್ ಮೇಲೆ ಕಾಲಿಟ್ಟರೆ ಸಾಲದು, ಮಲಗಿ ಕೆಳಗೆ ಎರಡು ಮೂರು ದಿಂಬು. ಬಟ್ಟೆ ಸುತ್ತಿದ ಐಸ್ 15–20 ನಿಮಿಷ. ಬೆರಳುಗಳನ್ನು ಆಡಿಸುತ್ತಿರಬೇಕು. ಬಾವಿನ ಮೇಲೆ ಬಿದಿರು ದಬ್ಬೆ ಇಟ್ಟು ಬಿಗಿದು ಕಟ್ಟಿಸಿದರೆ ರಕ್ತದ ಓಡಾಟ ನಿಂತು ಕಾಲೇ ಕೈಬಿಡಬಹುದು. ಬೆರಳು ತಣ್ಣಗಾದರೆ, ಮರಗಟ್ಟಿದರೆ, ಬೆರಳು ಎತ್ತಿದಾಗ ತಡೆಯಲಾಗದ ನೋವಾದರೆ ಅದು ರಾತ್ರಿಯೇ ಆಸ್ಪತ್ರೆಗೆ ಓಡಬೇಕಾದ ಸಂಗತಿ.

ಇಷ್ಟೆಲ್ಲ ಯಾಕೆ, ಹಾಗೇ ಕೂಡಿಕೊಳ್ಳುವುದಿಲ್ಲವೇ? ಕೂಡುತ್ತದೆ, ಆದರೆ ಸರಿದ ಜಾಗದಲ್ಲೇ. ಎರಡು ಗಂಟುಗಳ ನಡುವೆ ಕೂರುವ ಪಾದದ ಎಲುಬು ಟೇಲಸ್ 1 ಮಿ.ಮೀ. ಹೊರಕ್ಕೆ ಸರಿದರೆ ಕೀಲಿನ ಎರಡು ಮೈ ತಾಗುವ ಜಾಗ ಸರಾಸರಿ ಶೇ. 42ರಷ್ಟು ಕುಗ್ಗುತ್ತದೆಂದು 1976ರಲ್ಲಿ ಸಂಶೋಧಕರಾದ ರಾಮ್ಸೆ ಮತ್ತು ಹ್ಯಾಮಿಲ್ಟನ್ ಅಳೆದು ತೋರಿಸಿದರು. ಇಡೀ ಭಾರ ಉಳಿದಷ್ಟು ಜಾಗದ ಮೇಲೆ ಬಿದ್ದು ಮೃದ್ವಸ್ಥಿ ಸವೆಯುತ್ತದೆ. ಹಾಗಂತ ಎಲ್ಲ ಮುರಿತಕ್ಕೂ ಆಪರೇಷನ್ ಬೇಡ. ಹೊರಗಂಟು ಮಾತ್ರ ಮುರಿದು, ಭಾರ ಕೊಟ್ಟು ತೆಗೆದ ಎಕ್ಸ್‌ರೇಯಲ್ಲೂ ಒಳಗಡೆಯ ಸಂದು ಅಗಲವಾಗದಿದ್ದರೆ ಕಣಕಾಲನ್ನು ಹಿಡಿದಿಡುವ ಗಟ್ಟಿ ಬೂಟ್ ಸಾಕು. ಇದನ್ನು ನೋಡದೆಯೇ ಪ್ಲೇಟ್ ಹಾಕುವುದು ಅವಸರದ ಕೆಲಸ.

ಆಪರೇಷನ್‌ನಲ್ಲಿ ಮೊದಲು ಫಿಬುಲಾ, ಅಂದರೆ ಕೆಳತುದಿಯಲ್ಲಿ ಹೊರಗಂಟಾಗುವ ತೆಳು ಎಲುಬು. ಅದರ ಉದ್ದ ಮತ್ತು ತಿರುವು ಸರಿಹೋದರೆ ಟೇಲಸ್ ಬಹುಮಟ್ಟಿಗೆ ತಾನೇ ಕೂರುತ್ತದೆ. ಓರೆ ಮುರಿತವಾದರೆ ಎಲುಬಿನ ಹತ್ತಿರದ ಗಟ್ಟಿ ಪದರಕ್ಕೆ 3.5 ಮಿ.ಮೀ., ದೂರದ ಪದರಕ್ಕೆ 2.5 ಮಿ.ಮೀ. ಡ್ರಿಲ್. ಸ್ಕ್ರೂವಿನ ಸುರುಳಿ ಏಣು ದೂರದ ತುಂಡನ್ನಷ್ಟೇ ಹಿಡಿಯುವುದರಿಂದ ಬಿಗಿದಂತೆ ಎರಡೂ ತುಂಡು ಒತ್ತಿಕೊಳ್ಳುತ್ತವೆ. ಅದರ ಮೇಲೆ ತೆಳು ಪ್ಲೇಟ್. ಒಳಗಂಟಿಗೆ ಸಾಮಾನ್ಯವಾಗಿ 4 ಮಿ.ಮೀ.ನ ಎರಡು ಸ್ಕ್ರೂ. ಮುರಿತದ ಸಂದಿಗೆ ಮಡಚಿ ಸಿಕ್ಕಿಕೊಂಡ ಎಲುಬಿನ ಹೊದಿಕೆಯನ್ನು ಎತ್ತಿ ತೆಗೆಯದಿದ್ದರೆ ಅಲ್ಲಿ ಎಲುಬು ಕೂಡದೇ ಹೋಗಬಹುದು.

ಹೆಚ್ಚು ತಪ್ಪುವುದು ಕೊನೆಯ ಹಂತದಲ್ಲಿ. ಟಿಬಿಯಾ (ಕಾಲಿನ ದಪ್ಪ ಎಲುಬು), ಫಿಬುಲಾಗಳನ್ನು ಹಿಡಿದಿಟ್ಟ ನಾರುಗಳು ಹರಿದಿವೆಯೇ ಎಂದು ಫಿಬುಲಾಕ್ಕೆ ಕೊಕ್ಕೆ ಹಾಕಿ ಎಳೆದು ಸಿ-ಆರ್ಮ್‌ನಲ್ಲಿ (ಆಪರೇಷನ್ ನಡೆಯುವಾಗಲೇ ತೋರಿಸುವ ಎಕ್ಸ್‌ರೇ ಯಂತ್ರ) ನೋಡಬೇಕು. ಸಂದು ತೆರೆದರೆ ಕೀಲಿನಿಂದ ಸುಮಾರು 2 ಸೆಂ.ಮೀ. ಮೇಲೆ, ಹಿಂದಿನಿಂದ ಮುಂದಕ್ಕೆ 30 ಡಿಗ್ರಿ ಓರೆಯಾಗಿ, ಒಂದೆರಡು ಸ್ಕ್ರೂ. ಫಿಬುಲಾ ಟಿಬಿಯಾದ ತೋಡಿನಲ್ಲಿ ಸರಿಯಾಗಿ ಕೂರದೆ ಸ್ಕ್ರೂ ಬಿಗಿದರೆ ತಪ್ಪು ಹಾಗೇ ಉಳಿಯುತ್ತದೆ, ಮಾಮೂಲಿ ಎಕ್ಸ್‌ರೇಯಲ್ಲಿ ಕಾಣುವುದೂ ಕಷ್ಟ. ಅನುಮಾನವಿದ್ದರೆ ಸಿಟಿ ಸ್ಕ್ಯಾನ್.

ಎರಡು ವಾರಕ್ಕೆ ಹೊಲಿಗೆ ತೆಗೆಯುತ್ತಾರೆ. ಭಾರ ಯಾವಾಗ ಹಾಕಬೇಕೆಂಬುದು ಮುರಿತದ ಮೇಲೆ ನಿಂತಿದೆ, ಬಹಳಷ್ಟು ಕಡೆ 6 ವಾರ. ಬಲಗಾಲಾದರೆ ಬ್ರೇಕ್ ಒತ್ತುವ ವೇಗ ಮೊದಲಿನಂತಾಗಲು ಆಪರೇಷನ್‌ನಿಂದ ಸುಮಾರು 9 ವಾರ ಹಿಡಿಯುತ್ತದೆ, ಕಾರು ಅಲ್ಲಿಯವರೆಗೆ ಬೇಡ. ಸಂಜೆ ಹೊತ್ತಿಗೆ ಪಾದ ಊದುವುದು ತಿಂಗಳುಗಟ್ಟಲೆ ಇರುತ್ತದೆ, ಹೆದರಬೇಡಿ. ಆದರೆ ಮೀನಖಂಡ ಬಿಗಿದು ನೋವಾದರೆ ರಕ್ತ ಹೆಪ್ಪುಗಟ್ಟಿದೆಯೇ ಎಂದು ನೋಡಿಸಿ. ನೆಲದ ಟಾಯ್ಲೆಟ್‌ನಲ್ಲಿ ಕುಕ್ಕರುಗಾಲಲ್ಲಿ ಕೂರಲು ಪಾದ ಮೇಲಕ್ಕೆ ಚೆನ್ನಾಗಿ ಬಾಗಬೇಕು. ಟವೆಲ್‌ನಿಂದ ಪಾದ ಎಳೆಯುವ ವ್ಯಾಯಾಮವನ್ನು ಡಾಕ್ಟರು ಹೇಳಿದ ದಿನದಿಂದಲೇ ಬಿಡದೆ ಮಾಡಿ.

ಸಕ್ಕರೆ ಕಾಯಿಲೆಯವರ ಲೆಕ್ಕವೇ ಬೇರೆ. 10 ಗ್ರಾಂನಷ್ಟು ಒತ್ತುವ, ಸ್ಪರ್ಶ ಪರೀಕ್ಷೆಯ ನೈಲಾನ್ ಎಳೆ ತಾಗಿದ್ದು ಪಾದಕ್ಕೆ ತಿಳಿಯದಿದ್ದರೆ, ಮುರಿದ ಕಾಲಿನ ಮೇಲೆ ನಡೆದರೂ ಅವರಿಗೆ ನೋವಾಗುವುದಿಲ್ಲ, ಸ್ಕ್ರೂ ಕಿತ್ತು ಕೀಲೇ ಕುಸಿಯುತ್ತದೆ. ಅವರಿಗೆ ಹೆಚ್ಚು ಸ್ಕ್ರೂ, ಭಾರ ಹಾಕದ ಅವಧಿ ಸುಮಾರು ಇಮ್ಮಡಿ. ಬೀಡಿ, ಸಿಗರೇಟು ಇದ್ದರೆ ಗಾಯ ಮಾಗುವುದೂ ತಡ. ಪ್ಲೇಟ್ ತೆಗೆಸಬೇಕೇ? ಚಪ್ಪಲಿ ಪಟ್ಟಿಗೆ ತಾಗಿ ನೋಯುತ್ತಿದ್ದರೆ, ಎಲುಬು ಪೂರ್ತಿ ಕೂಡಿದ ಮೇಲೆ ತೆಗೆಸಬಹುದು. ಇಲ್ಲದಿದ್ದರೆ ಒಳಗೇ ಇರಲಿ.