ಹಾ ದಿವಾ ಕೋಣೀ ದಿಲಾ?

ಮಂಗಳವಾರ ಸಂಜೆ ಪುಣೆಯ ನವಲೆ ಸೇತುವೆ ಹತ್ತಿರದ ಸರ್ವಿಸ್ ರಸ್ತೆಯಲ್ಲಿ ಟ್ರಾಫಿಕ್ ಹವಾಲ್ದಾರ ಕೇಳಿದ್ದು ಇಷ್ಟೇ: "ಹಾ ದಿವಾ ಕೋಣೀ ದಿಲಾ?" ಈ ದೀಪ ಯಾರು ಕೊಟ್ಟರು? ಎಲ್ಲಿ ಕೊಂಡೆ ಅಂತಲ್ಲ, ಯಾಕೆ ಹಾಕಿದೆ ಅಂತಲೂ ಅಲ್ಲ. ಮಿತ್ರನ ಬೊಲೆರೊದ ಗ್ರಿಲ್ ಒಳಗೆ ಕೆಂಪು-ನೀಲಿ ಮಿಣುಕುತ್ತಿತ್ತು. ಪ್ರಥಮ ಚಿಕಿತ್ಸೆ ಕಲಿತ ನಮ್ಮ ಧಾರವಾಡದ ಮಿತ್ರ ಸ್ವಯಂಸೇವಕರ ಜಾಕೆಟ್ ಸರಿಮಾಡಿಕೊಂಡು, "ಆನ್‌ಲೈನ್‌ದಾಗ ತರಿಸೇನ್ರೀ" ಅಂದ. ಇಪ್ಪತ್ತು ವರ್ಷದಿಂದ ಪುಣೆಯಲ್ಲಿದ್ದರೂ ಗಾಬರಿಯಾದರೆ ಅವನ ಮರಾಠಿ ಮಾಯ. ಹವಾಲ್ದಾರನಿಗೆ ಆ ಮಾತಿನಲ್ಲಿ 'ಆನ್‌ಲೈನ್' ಅನ್ನೋದೊಂದು ತಿಳಿಯಿತು, ಅಷ್ಟೇ ಸಾಕಾಯಿತು. ಬೈಯಲಿಲ್ಲ, ನಕ್ಕ. ಮಿತ್ರನಿಗೆ ಚುಚ್ಚಿದ್ದು ದಂಡವಲ್ಲ, ಆ ನಗು.

ನರ್‍ಹೇ ಕಡೆ ಸ್ಕೂಟರ್ ಜಾರಿ ಬಿದ್ದವನ ನೆರವಿಗೆ ಮಿತ್ರ ಹೊರಟಿದ್ದ. ಬಿದ್ದವನನ್ನು ಅಷ್ಟರಲ್ಲಿ ರಿಕ್ಷಾದವನೊಬ್ಬ ಆಸ್ಪತ್ರೆಗೆ ಒಯ್ದಾಗಿತ್ತು. ರಿಕ್ಷಾಕ್ಕೆ ಯಾವ ದೀಪವೂ ಇರಲಿಲ್ಲ.

ಮಿತ್ರ ಒಳ್ಳೆಯವನು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಾನೂನನ್ನು ವಾಟ್ಸಾಪಿನಲ್ಲಿ ಓದುವವನು. ದೀಪ ಹಾಕಿದರೆ ಎಲ್ಲರೂ ದಾರಿ ಬಿಡಲೇಬೇಕು ಅನ್ನೋದು ಅವನ ವಾದ. ತುರ್ತು ವಾಹನಕ್ಕೆ ದಾರಿ ಬಿಡದಿದ್ದರೆ 10,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಅಂತ ಮೋಟಾರು ವಾಹನ ಕಾಯ್ದೆಯ 194ಇ ಕಲಮು ಹೇಳುವುದು ನಿಜ. ಅದು ಅಗ್ನಿಶಾಮಕ ವಾಹನ, ಆಂಬುಲೆನ್ಸ್, ಸರ್ಕಾರ ಗೊತ್ತುಮಾಡಿದ ಬೇರೆ ತುರ್ತು ವಾಹನಗಳ ಮಾತು. ದೀಪ ಮಿಣುಕಿದ ಮಾತ್ರಕ್ಕೆ ಸ್ವಂತ ಕಾರು ಆ ಪಟ್ಟಿಗೆ ಸೇರುವುದಿಲ್ಲ. ಕೆಂಪು, ಬಿಳಿ, ನೀಲಿ ದೀಪ ಯಾರಿಗೆ ಎನ್ನುವುದು ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 108ನೆಯದು (ಆಂಬುಲೆನ್ಸಿಗೆ ಒತ್ತುವ ಅಂಕಿಯೂ ಅದೇ, ನೆನಪಿಡಲು ಸುಲಭ). 2017ರ ಮೇ 1ರಿಂದ ಮಂತ್ರಿಗಳ ನೆತ್ತಿಯ ಮೇಲಿನ ದೀಪವೇ ಇಳಿದುಹೋದ ಮೇಲೆ ಬೊಲೆರೊದ ಗ್ರಿಲ್ಲಿಗೆ ಎಲ್ಲಿಯ ವಿನಾಯಿತಿ? ಗಾಡಿಯನ್ನು ಅಕ್ರಮವಾಗಿ ಮಾರ್ಪಡಿಸಿದ ಮಾಲೀಕನಿಗೆ ಒಂದೊಂದು ಮಾರ್ಪಾಡಿಗೂ 5,000 ದಂಡ ಇದೆ, ಇಲ್ಲವೇ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಗಾಯಾಳುವಿಗೆ ನೆರವಾದವನನ್ನು ಅದೇ ಕಾಯ್ದೆಯ 134ಎ ಕಲಮು ಕಾಯುತ್ತದೆ, ಸರಿ. ಆದರೆ ಅದು ಕಾಯುವುದು ಆರೈಕೆ ಮಾಡಿದ ಕೈಯನ್ನು. ಅಲ್ಲಿಗೆ ಹೋಗುವ ಅವಸರದಲ್ಲಿ ಇನ್ನೊಬ್ಬನಿಗೆ ಗುದ್ದಿದರೆ ಆ ರಕ್ಷಣೆ ಇಲ್ಲ.

ಇನ್ನು ವೈರಿಂಗ್. ತಲಾ 18 ವ್ಯಾಟಿನ ಎರಡು ಎಲ್‌ಇಡಿ ತಲೆಗಳು, 12 ವೋಲ್ಟಿಗೆ ಒಟ್ಟು 3 ಆಂಪಿಯರ್. ಬ್ಯಾಟರಿಯ ಪಾಸಿಟಿವ್ ತುದಿಯಿಂದ ಒಂದು ಗೇಣಿನೊಳಗೆ 5 ಆಂಪಿಯರ್ ಫ್ಯೂಸ್ ಇದ್ದಿದ್ದರೆ ಸಾಕಿತ್ತು. ಗಾಡಿಯ ಬಿಡಿಭಾಗ ಸಿಗುವ ಪುಣೆಯ ನಾನಾ ಪೇಟೆಯಿಂದ ಹಿಡಿದುತಂದ ಹುಡುಗ ಫ್ಯೂಸೇ ಇಲ್ಲದೆ ನೇರ ಎಳೆದಿದ್ದ. ಎಂಜಿನ್ ಕೋಣೆಯ ತಗಡಿನ ತೂತಿಗೆ ರಬ್ಬರ್ ಬಳೆಯೂ ಇರಲಿಲ್ಲ. ಡೀಸೆಲ್ ಎಂಜಿನ್ ಅಲುಗಾಟಕ್ಕೆ ಆ ತಗಡಿನ ಅಂಚು ವೈರಿನ ಸಿಪ್ಪೆಯನ್ನು ದಿನಕ್ಕಿಷ್ಟು ಸವೆಸುತ್ತದೆ. ತಾಮ್ರ ತಗಡಿಗೆ ತಾಗಿದ ದಿನ ಬ್ಯಾಟರಿ ನೂರಾರು ಆಂಪಿಯರ್ ಸುರಿಯುತ್ತದೆ, ತಡೆಯಲು ನಡುವೆ ಏನೂ ಇಲ್ಲ.

ಇಷ್ಟೆಲ್ಲ ಮಾಡಿ ಆ ದೀಪ ಕಾಣುವುದಾದರೂ ಯಾರಿಗೆ? ಬಂಪರ್ ಎತ್ತರದ ಮಿಣುಕು ಹಗಲಲ್ಲಿ ಮುಂದಿನ ಲಾರಿಯ ಕನ್ನಡಿಗೆ ಬೀಳುವುದೇ ಇಲ್ಲ. ಬಿದ್ದರೆ ಇನ್ನೂ ಕಷ್ಟ. ಹಿಂದೆ ನೀಲಿ ದೀಪ ಕಂಡ ಕೆಲವರು ಎಡಕ್ಕೆ ಸರಿಯುವುದಿಲ್ಲ, ಇದ್ದಲ್ಲೇ ಬ್ರೇಕ್ ಒತ್ತುತ್ತಾರೆ. ಕಾತ್ರಜ್ ಹೊಸ ಸುರಂಗದಿಂದ ನವಲೆ ಸೇತುವೆವರೆಗೆ ಒಂದೇ ಸಮ ಇಳಿಜಾರು. ನಮ್ಮ ಬೆಳಗಾವಿ, ಹುಬ್ಬಳ್ಳಿ ಕಡೆಯಿಂದ ಬರುವ ಲಾರಿಗಳೂ ಇಳಿಯುವುದು ಇಲ್ಲೇ. ಡೀಸೆಲ್ ಉಳಿಸಲು ನ್ಯೂಟ್ರಲ್‌ಗೆ ಹಾಕುತ್ತಾರೆ. ಎಂಜಿನ್ನಿನ ಹಿಡಿತ ತಪ್ಪಿ ಭಾರವೆಲ್ಲ ಬ್ರೇಕಿನ ಮೇಲೆ. ಲೈನಿಂಗ್ ಕಾಯ್ದು ಹಿಡಿತ ಬಿಡುತ್ತದೆ, ಪೆಡಲ್ ಒತ್ತಿ ಒತ್ತಿ ಬ್ರೇಕಿಗೆ ಬೇಕಾದ ಗಾಳಿಯ ಒತ್ತಡವೂ ಇಳಿಯುತ್ತದೆ. 2022ರ ನವೆಂಬರಿನಲ್ಲಿ ಇಲ್ಲಿ ಒಂದೇ ಲಾರಿ ಹತ್ತಾರು ವಾಹನಗಳಿಗೆ ಗುದ್ದಿತ್ತು. ಅಂಥ ಲಾರಿಯ ಮುಂದಿರುವ ಕಾರಿಗೆ ಬೆದರಿ ಬ್ರೇಕ್ ಹಾಕುವಂತೆ ಮಾಡುವುದು ಯಾವ ಸೇವೆ?

ಅವನ ಷಡ್ಡಕ ನ್ಯೂಯಾರ್ಕಿನಲ್ಲಿದ್ದಾನೆ, ಈ ಹುಚ್ಚು ಹತ್ತಿಸಿದವನೇ ಅವನು. ಅಲ್ಲಿ ಸ್ವಯಂಸೇವಕ ಅಗ್ನಿಶಾಮಕರ ಸ್ವಂತ ಕಾರಿಗೆ ನೀಲಿ ದೀಪ, ಆಂಬುಲೆನ್ಸ್ ಸ್ವಯಂಸೇವಕರಿಗೆ ಹಸಿರು. ಷಡ್ಡಕ ಹೇಳಿದ್ದು ಅಷ್ಟೇ, ಉಳಿದರ್ಧ ನುಂಗಿದ. ಅಗ್ನಿಶಾಮಕನಿಗೆ ಸಿಗುವುದು ಒಂದೇ ದೀಪ. ದಳದ ಮುಖ್ಯಸ್ಥ ಬರವಣಿಗೆಯಲ್ಲಿ ಅನುಮತಿ ಕೊಡಬೇಕು, ಕರೆ ಬಂದು ಹೊರಟಾಗ ಮಾತ್ರ ಹಚ್ಚಬೇಕು. ಹಚ್ಚಿದರೂ ಕೆಂಪು ಸಿಗ್ನಲ್ಲಿಗೆ ಎಲ್ಲರಂತೆ ನಿಲ್ಲಬೇಕು. ಜನ ದಾರಿ ಬಿಟ್ಟರೆ ಅದು ಸೌಜನ್ಯ. ಬ್ರಿಟನ್ನಿನ ವೈದ್ಯರ ಹಸಿರು ದೀಪದ ಕಥೆಯೂ ಹೀಗೇ, ಯಾವ ವಿನಾಯಿತಿಯೂ ಇಲ್ಲ. ಅಂದರೆ ನ್ಯೂಯಾರ್ಕಿನ ರಸ್ತೆಯಲ್ಲೂ ಹವಾಲ್ದಾರ ಇದೇ ಪ್ರಶ್ನೆ ಕೇಳಬಹುದು. ಅಲ್ಲಿ ಅದಕ್ಕೊಂದು ಹೆಸರು, ಒಂದು ಸಹಿ ಉತ್ತರವಾಗಿ ಸಿಗುತ್ತದೆ. ತಪ್ಪಿದರೆ ದೀಪ ಕಸಿದುಕೊಳ್ಳುವವನೂ ಆ ಸಹಿ ಹಾಕಿದ ಮುಖ್ಯಸ್ಥನೇ. ಆನ್‌ಲೈನ್ ಅಂಗಡಿ ಕೊಟ್ಟ ದೀಪ ಕಸಿಯುವವರು ಯಾರು?

ಮಿತ್ರನ ತಳಮಳ ಸುಳ್ಳಲ್ಲ. ಹೃದಯ ನಿಂತವನಿಗೆ ಎದೆ ಒತ್ತುವವರಿಲ್ಲದೆ ಹೋದ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ. 7ರಿಂದ 10 ಇಳಿಯುತ್ತದೆ. 3 ಕಿ.ಮೀ. ದಾರಿ, ಗಂಟೆಗೆ 30ರಲ್ಲಿ 6 ನಿಮಿಷ, 45ರಲ್ಲಿ 4. ಎಲ್ಲರೂ ದಾರಿ ಬಿಟ್ಟರೂ ದೀಪ ಉಳಿಸುವುದು ಎರಡೇ ನಿಮಿಷ. ಆ ಎರಡು ನಿಮಿಷ ಬೇರೆ ಕಡೆ ಅಗ್ಗಕ್ಕೆ ಸಿಗುತ್ತವೆ. ಅರ್ಧ ಕಿಲೋಮೀಟರಿನೊಳಗೆ ಇರುವ ಸ್ವಯಂಸೇವಕನಿಗೆ ಮೊದಲು ಫೋನ್ ಹೋಗಲಿ, ಅವನು ಓಡಿಯೇ 4 ನಿಮಿಷಕ್ಕೆ ಮುಟ್ಟುತ್ತಾನೆ. ಕಿಟ್ ಮೂರನೇ ಮಹಡಿಯ ಕಪಾಟಿನಲ್ಲಿ ಬೇಡ, ಗಾಡಿಯಲ್ಲಿರಲಿ. ಮಿತ್ರನ ಕಿಟ್ ತೆಗೆದು ನೋಡಿದರೆ ರಕ್ತ ಸೋರುವುದನ್ನು ತಡೆಯಲು ಬಿಗಿದು ಕಟ್ಟುವ ಟೂರ್ನಿಕೆ ಪಟ್ಟಿ ಇಲ್ಲ, ಅದನ್ನು ಕಟ್ಟಿದ ಹೊತ್ತು ಬರೆಯಲು ಪೆನ್ನೂ ಇಲ್ಲ. ಪ್ರತಿಫಲಿಸುವ ತ್ರಿಕೋನ ಪೊಟ್ಟಣದಿಂದ ಹೊರಬಂದೇ ಇಲ್ಲ. ಇಳಿಜಾರಿನಲ್ಲಿ ಅದನ್ನು ಗಾಡಿಯ ಬೆನ್ನಿಗೆ ಇಡುವುದಲ್ಲ, ಕನಿಷ್ಠ 50 ಮೀಟರ್ ಹಿಂದೆ, ತಿರುವಿದ್ದರೆ ತಿರುವಿಗೂ ಮೊದಲು ಇಡಬೇಕು. ದಾರಿಯುದ್ದಕ್ಕೂ ಹಜಾರ್ಡ್ ದೀಪ ಮಿಣುಕಿಸಿಕೊಂಡು ಓಡಿಸುವವರಿಗೂ ಒಂದು ಮಾತು: ಎರಡೂ ಕಡೆ ಮಿಣುಕಿದರೆ ನೀವು ಎತ್ತ ತಿರುಗುತ್ತೀರಿ ಅಂತ ಹಿಂದಿನವನಿಗೆ ತಿಳಿಯುವುದೇ ಇಲ್ಲ.

ಗುರುವಾರ ದೀಪ ಬಿಚ್ಚಿಸಿದ್ದಾನೆ. ಸೊಸೈಟಿ ಕಾರ್ಯದರ್ಶಿಗಳು ಅರ್ಧ ಬೆಲೆಗೆ ಕೇಳಿದ್ದಾರಂತೆ, ಗಣಪತಿ ಮಂಟಪಕ್ಕೆ ಅಂತ. ಅವರ ಕಾರಿನ ಗ್ರಿಲ್ ಮೇಲೆ ನನಗೊಂದು ಕಣ್ಣಿದೆ.